ವೆಂಟಿಲೇಟರ್ ಮೇಲಿರುವ ಮೇಷ್ಟ್ರು ಮಾತಾಡುವುದು ಹೇಗೆ?

ನಮಸ್ಕಾರ,

ನಿಮ್ಮ ಕತೆ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಎತ್ತಿಡುವ ಕತೆಯೂ ಅಲ್ಲ. ತೀವ್ರ ಫ್ಲೂ ಆಗಿ ಐಸಿಯು ಸೇರಿದ ಮೇಷ್ಟ್ರು, ಹೊರಗೆ ಕುರ್ಚಿಯಲ್ಲಿ ಕಾಯುವ ಮಗಳು. ಮಗಳ ಭಾಗ ಚೆನ್ನಾಗಿದೆ, ಮುಟ್ಟಬೇಡಿ. ತೊಂದರೆ ಇರುವುದು ಬಾಗಿಲ ಒಳಗೆ.

ನಿಮ್ಮ ಕತೆಯಲ್ಲಿ ಡಾಕ್ಟರು ಒಸೆಲ್ಟಾಮಿವಿರ್ ಎಂಬ ಫ್ಲೂ ಔಷಧಿಯ ಇಂಜೆಕ್ಷನ್ ಚುಚ್ಚುತ್ತಾರೆ, ಬೆಳಗಾಗುವಷ್ಟರಲ್ಲಿ ಮೇಷ್ಟ್ರು ಎದ್ದು ಕೂರುತ್ತಾರೆ. ಆದರೆ ಆ ಔಷಧಿ ಬರುವುದು ಕ್ಯಾಪ್ಸೂಲ್ ಇಲ್ಲವೇ ಸಿರಪ್ ರೂಪದಲ್ಲಿ. ನುಂಗಲಾಗದವರಿಗೆ ಮೂಗಿನ ಟ್ಯೂಬಿನಿಂದ ಹೊಟ್ಟೆಗೆ ಇಳಿಸುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ 75 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಕಿಡ್ನಿ ಸೋತಿದ್ದರೆ ಕಡಿಮೆ. ಹೊಸ ವೈರಸ್ಸು ಒಂದು ಜೀವಕೋಶದಿಂದ ಬಿಡಿಸಿಕೊಂಡು ಇನ್ನೊಂದಕ್ಕೆ ಹೋಗದಂತೆ ಅದು ತಡೆಯುತ್ತದೆ, ಅಷ್ಟೇ. ಆಗಲೇ ಹಾಳಾದ ಶ್ವಾಸಕೋಶ ತಾನಾಗೇ ಮಾಯಬೇಕು, ಅದಕ್ಕೆ ದಿನಗಟ್ಟಲೆ ಬೇಕು. ಅದಕ್ಕೇ ಗುಮಾನಿ ಬಂದ ಕೂಡಲೇ ಔಷಧಿ ಶುರು ಮಾಡುತ್ತಾರೆ, ರಿಪೋರ್ಟಿಗೆ ಕಾಯುವುದಿಲ್ಲ. ನಿಮ್ಮ ಡಾಕ್ಟರು ಮಾತ್ರ ರಿಪೋರ್ಟ್ ಬರಲಿ ಅಂತ ಇಡೀ ರಾತ್ರಿ ಸುಮ್ನೆ ಕೂತಿದ್ದಾರೆ! ಓದುಗರಿಗೆ ಅವರ ಮೇಲೇ ಸಿಟ್ಟು ಬರುತ್ತದೆ.

ಇನ್ನು ವೆಂಟಿಲೇಟರ್ ಮೇಲಿರುವ ಮೇಷ್ಟ್ರು ಮಗಳಿಗೆ ಅರ್ಧ ಪುಟ ಬುದ್ಧಿ ಹೇಳುತ್ತಾರಲ್ಲ, ಅದು ಆಗದ ಮಾತು. ಬಾಯಿಂದ ಹಾಕಿದ ಟ್ಯೂಬು ಧ್ವನಿತಂತುಗಳ ನಡುವೆಯೇ ಹಾದು ಹೋಗಿರುತ್ತದೆ. ಜೊತೆಗೆ ಮಂಪರಿನ ಔಷಧಿ ಬೇರೆ. ಆ ಮಾತನ್ನು ಟ್ಯೂಬ್ ಹಾಕುವ ಮುಂಚೆ ತನ್ನಿ. ಉಸಿರಿಗೊಂದು ಪದ ಬರುವ ಹೊತ್ತದು. ಅರ್ಧ ಪುಟ ಎರಡು ಸಾಲಿಗೆ ಇಳಿಯುತ್ತದೆ. (ಮೇಷ್ಟ್ರು ಜಾಸ್ತಿ ಮಾತಾಡುತ್ತಾರೆ ಅಂತ ನನಗೆ ಮೊದಲ ಪುಟದಲ್ಲೇ ಅನಿಸಿತ್ತು.)

ನೋಡಬೇಕಾದ ದೃಶ್ಯವನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ವೆಂಟಿಲೇಟರ್ ಹಾಕಿದರೂ ಆಮ್ಲಜನಕ ಏರದಿದ್ದಾಗ ರೋಗಿಯನ್ನು ಹೊಟ್ಟೆ ಮೇಲೆ ಮಲಗಿಸುತ್ತಾರೆ. ಒಬ್ಬರು ತಲೆ ಹತ್ತಿರ ನಿಂತು ಟ್ಯೂಬ್ ಗಟ್ಟಿಯಾಗಿ ಹಿಡಿದು ಒಂದು, ಎರಡು, ಮೂರು ಎನ್ನುತ್ತಾರೆ. ಉಳಿದವರು ಎರಡೂ ಬದಿಯಲ್ಲಿ ಬೆಡ್‌ಶೀಟ್ ಹಿಡಿದು ಒಟ್ಟಿಗೆ ಹೊರಳಿಸುತ್ತಾರೆ. ಟ್ಯೂಬ್ ಜಾರಿದರೆ ಪ್ರಾಣಕ್ಕೇ ಸಂಚಕಾರ. ಹಾಗೆ ಸುಮಾರು 16 ಗಂಟೆ. ಮುಖ ಊದಿಕೊಳ್ಳುತ್ತದೆ. ಒಳಗೆ ಬಂದ ಮಗಳಿಗೆ ಅಪ್ಪನ ಗುರುತೇ ಸಿಗದಿರಬಹುದು. ಇದನ್ನು ಬರೆಯಿರಿ.

ಕತೆಯ ಕೊನೆಯಲ್ಲಿ ಸ್ಟೀರಾಯ್ಡ್‌ನಿಂದ ಆಗುವ ಪವಾಡ ತೆಗೆಯಿರಿ. ಕೋವಿಡ್‌ನಲ್ಲಿ ಅದು ನೆರವಾಯಿತು ನಿಜ, ಆ ಲೆಕ್ಕ ಫ್ಲೂಗೆ ಹಾಗೇ ಹೊಂದುವುದಿಲ್ಲ. ತಿರುವು ಬೇಕೇ ಬೇಕು ಅಂದರೆ, ಇಳಿದ ಜ್ವರ ಮತ್ತೆ ಏರಲಿ: ಫ್ಲೂ ಬೆನ್ನಿಗೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ಬರುವುದುಂಟು, ಆಗ ಆಂಟಿಬಯೋಟಿಕ್ ಬೇಕಾಗುತ್ತದೆ.

ಐಸಿಯುನಲ್ಲಿ ಕೆಲಸ ಮಾಡುವ ನರ್ಸ್ ಒಬ್ಬರ ಹತ್ತಿರ ಕೂತು ಮಾತಾಡಿ, ತಿದ್ದಿ ಕಳಿಸಿ. ಓದುತ್ತೇನೆ.