ಒಳಮನಸ್ಸು ತಪ್ಪು ಮಾಡಿಸಿದರೆ ಹೊಣೆ ಯಾರದ್ದು?

'ತಪ್ಪಿನ ಬೇರು ನಮಗೇ ಗೊತ್ತಿಲ್ಲದ ಒಳಮನಸ್ಸಿನಲ್ಲಿದೆ ಅಂತ ಮನೋವಿಶ್ಲೇಷಣೆ ಶುರುಮಾಡಿದ ವೈದ್ಯ ಫ್ರಾಯ್ಡ್ ಹೇಳುತ್ತಾನೆ, ಹಾಗಾದ್ರೆ ತಪ್ಪು ಮಾಡಿದವನನ್ನು ದೂರೋದು ಸರಿಯಾ?' ಅಂತ ಕೇಳಿದ್ದೀರಿ. ಸರಿ ಅಂತಲೇ ನನ್ನ ಲೆಕ್ಕ. ಯಾಕೆ ಅಂತ ಹೇಳೋಕೆ ನನ್ನದೇ ಒಂದು ಕಳ್ಳತನದ ಕಥೆ ಹೇಳಬೇಕು.

ನಾನು ಸೋಮವಾರಪೇಟೆ ಕಡೆಯವನು. ಅಪ್ಪ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ನನಗೆ ಹನ್ನೆರಡು ವರ್ಷ ಇದ್ದಾಗ ಹೊಳೆ ಹತ್ತಿರ ಆಡುತ್ತಾ ತಮ್ಮನನ್ನು ಬಂಡೆ ಮೇಲಿಂದ ದೂಡಿದೆ, ಅವನ ಕೈ ಮುರಿಯಿತು. ಜಾರಿ ಬಿದ್ದ ಅಂದೆ. ಎಲ್ಲರೂ ನಂಬಿದರು, ಅವನೂ ಸುಮ್ಮನಿದ್ದ. ಅದಾದ ಮೇಲೆ ನನಗೆ ಸರಿಯಾಗಿ ನಿದ್ದೆ ಇಲ್ಲ. ಆಗ ಕಣದಲ್ಲಿ ಕರಿಮೆಣಸು ಒಣಗಲು ಹಾಕಿದ್ದರು. ದಿನಾ ಸಂಜೆ ಎರಡು ಹಿಡಿ ಕದ್ದು ಸ್ಕೂಲ್ ಬ್ಯಾಗಿಗೆ ತುಂಬಿಕೊಳ್ಳುತ್ತಿದ್ದೆ. ಮಾರಲೂ ಇಲ್ಲ, ಬಚ್ಚಿಡಲೂ ಇಲ್ಲ. ಒಂದು ವಾರಕ್ಕೆ ಅಪ್ಪನ ಕೈಗೆ ಸಿಕ್ಕಿಬಿದ್ದೆ, ಕಾಫಿ ಬರಲಲ್ಲಿ ಚೆನ್ನಾಗಿ ಬಿತ್ತು. ಆ ರಾತ್ರಿ ಮಾತ್ರ ಗಡದ್ದಾಗಿ ನಿದ್ದೆ ಮಾಡಿದೆ.

ಎಷ್ಟೋ ವರ್ಷದ ಮೇಲೆ ಫ್ರಾಯ್ಡ್ 1916ರಲ್ಲಿ ಬರೆದ ಒಂದು ಲೇಖನ ಓದಿ ಬೆಚ್ಚಿಬಿದ್ದೆ. ಕೆಲವರಲ್ಲಿ ತಪ್ಪಿನಿಂದ ಪಾಪಪ್ರಜ್ಞೆ ಹುಟ್ಟುವುದಿಲ್ಲ, ಪಾಪಪ್ರಜ್ಞೆಯೇ ಮೊದಲು ಇರುತ್ತದೆ, ಅದನ್ನು ಯಾವುದಾದರೂ ಒಂದಕ್ಕೆ ಕಟ್ಟಿಹಾಕಲು ತಪ್ಪು ಮಾಡುತ್ತಾರೆ, ಮಾಡಿದ ಮೇಲೆ ಮನಸ್ಸು ಹಗುರ ಆಗುತ್ತದೆ ಅಂತ ಅಲ್ಲಿದೆ. ಏಟು ತಿನ್ನೋಕೆ ಅಂತಲೇ ಕೀಟಲೆ ಮಾಡಿ, ತಿಂದ ಮೇಲೆ ತೆಪ್ಪಗಾಗುವ ಮಕ್ಕಳ ಮಾತೂ ಬರುತ್ತದೆ. ಆದರೆ ಅವನು ಹೇಳುವುದು ಎಲ್ಲಿಂದ ಬಂತೆಂದೇ ತಿಳಿಯದ ಪಾಪಪ್ರಜ್ಞೆ. ನನ್ನದು ನನಗೆ ಗೊತ್ತಿತ್ತು, ಅದಕ್ಕೂ ಮೆಣಸಿಗೂ ಇದ್ದ ನಂಟು ಮಾತ್ರ ಗೊತ್ತಿರಲಿಲ್ಲ. ಕೊನೆಗೆ ಎಲ್ಲವನ್ನೂ ಈಡಿಪಸ್ ಕಾಂಪ್ಲೆಕ್ಸಿಗೆ, ಅಂದರೆ ಅಪ್ಪನನ್ನು ಕೊಂದು ಅಮ್ಮನನ್ನು ಪಡೆಯಬೇಕೆನ್ನುವ ಮಗುವಿನ ಒಳ ಆಸೆಗೆ, ತಂದು ನಿಲ್ಲಿಸುತ್ತಾನೆ, ಅದು ನನಗೆ ಒಪ್ಪಿಗೆ ಇಲ್ಲ ಬಿಡಿ.

ಇನ್ನು ಹೊಣೆ. 1925ರಲ್ಲಿ ಅವನೇ ಇದನ್ನು ಕೈಗೆತ್ತಿಕೊಂಡ. ಕನಸಲ್ಲಿ ಬರುವ ಕೆಟ್ಟ ಆಸೆಗಳಿಗೆ ನಾವು ಹೊಣೆಯಾ? ಹೌದು ಅಂತಾನೆ. ಹೊರಗಿನ ಯಾವುದೋ ಭೂತ ಬಂದು ತುಂಬಿದ್ದಲ್ಲ ಅಂದಮೇಲೆ ಅದು ನನ್ನದೇ, ನನಗೆ ಗೊತ್ತಿಲ್ಲದಿದ್ದರೂ ನನ್ನದೇ. ಕಾರಣ ಗೊತ್ತಾಯಿತು ಅಂತ ತಪ್ಪು ಮಾಫಿ ಆಗಲ್ಲ ಅಂತ ನಾನು ಹೇಳುವುದೂ ಇದಕ್ಕೇ, ಅದರಲ್ಲೂ ಇನ್ನೊಬ್ಬರು ನಡುವೆ ಇದ್ದಾಗ.

ನಮ್ಮ ಕಣದಲ್ಲೂ ಒಬ್ಬರಿದ್ದರು. ತೋಟದ ಕೂಲಿಯವರ ಲೈನ್‌ಮನೆಯ ಒಬ್ಬ ಅಕ್ಕ ಅಲ್ಲಿ ಕಾವಲಿದ್ದರು. ಮೆಣಸು ಕಡಿಮೆ ಬಂದದ್ದಕ್ಕೆ ಅವರ ಮೇಲೆ ಅನುಮಾನ. ನನಗೆ ಅದು ತಲೆಗೇ ಹೊಳೆದಿರಲಿಲ್ಲ. ನನ್ನ ನಿದ್ದೆಗೆ ಬೆಲೆ ತೆತ್ತಿದ್ದು ಅವರು. ಮರುದಿನ ಬೆಳಿಗ್ಗೆ ಅಪ್ಪ ನನ್ನನ್ನು ಅವರ ಬಾಗಿಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. "ಅಕ್ಕ, ತೆಗೆದಿದ್ದು ನಾನು" ಅಂದೆ.

"ವಾರದಿಂದ ನನ್ನನ್ನೇ ಕೇಳ್ತಾ ಇದ್ರು" ಅಂದು ಬಾಗಿಲು ಹಾಕಿಕೊಂಡರು.