ಕಲಬುರಗಿಯ ನಮ್ಮ ಗಲ್ಲಿಯಲ್ಲಿ ಜೊಲ್ಲು ಸುರಿಸುತ್ತ ತಿರುಗುವ ನಾಯಿಯನ್ನು ನಾವೇ ಹೊಡೆದು ಕೊಲ್ಲಬಹುದೇ?

ಕೊಲ್ಲುವಂತಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ, ಹೀಗೆ ರೇಬೀಸ್ (ಹುಚ್ಚುನಾಯಿ ರೋಗ) ಶಂಕೆಯಿರುವ ನಾಯಿಯ ಬಗ್ಗೆ ಸ್ಥಳೀಯ ಸಂಸ್ಥೆಗೆ, ಅಂದರೆ ನಗರದಲ್ಲಿ ಮಹಾನಗರ ಪಾಲಿಕೆಗೆ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಗೆ ದೂರು ಕೊಡಬೇಕು. ದೂರು ಬಂದ ಮೇಲೆ ನಾಯಿಯನ್ನು ಹಿಡಿಸಿ, ಪಶುವೈದ್ಯರೊಬ್ಬರು ಹಾಗೂ ಪ್ರಾಣಿ ಕಲ್ಯಾಣ ಸಂಸ್ಥೆಯ ಪ್ರತಿನಿಧಿಯೊಬ್ಬರು ಪರೀಕ್ಷಿಸುತ್ತಾರೆ; ರೇಬೀಸ್ ಇರುವ ಸಾಧ್ಯತೆ ಹೆಚ್ಚೆಂದು ಕಂಡರೆ ಅದನ್ನು ಸಹಜವಾಗಿ ಸಾಯುವವರೆಗೆ ಪ್ರತ್ಯೇಕವಾಗಿ ಇರಿಸಲಾಗುತ್ತದೆ. ಲಕ್ಷಣ ಕಾಣಿಸಿದ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ಸಂತಾನಹರಣವಾದ ಬೀದಿನಾಯಿಗಳನ್ನು ಹಿಡಿದ ಜಾಗದಲ್ಲೇ ಬಿಡಬೇಕೆಂದು 2025ರ ಆಗಸ್ಟ್ 22ರಂದು ಹೇಳಿದ ಸುಪ್ರೀಂ ಕೋರ್ಟ್ ಕೂಡ ರೇಬೀಸ್ ಶಂಕಿತ ನಾಯಿಗಳನ್ನು ಅದರಿಂದ ಹೊರಗಿಟ್ಟಿದೆ.

ಬಡಿಗೆ ಹಿಡಿದು ಅಟ್ಟಿಸಿಕೊಂಡು ಹೋದರೆ ನಾಯಿ ಪಕ್ಕದ ಗಲ್ಲಿಗೆ ಓಡಿ ಇನ್ನಿಬ್ಬರನ್ನು ಕಚ್ಚುತ್ತದೆ, ಅಷ್ಟೇ. ಅದಕ್ಕಿಂತ ಮಕ್ಕಳನ್ನು ಒಳಗೆ ಕರೆದು, ಗೇಟು ಹಾಕಿ, ನಾಯಿಯ ಬಣ್ಣ ಮತ್ತು ಅದು ಹೋದ ದಿಕ್ಕನ್ನು ಪಾಲಿಕೆಯವರಿಗೆ ತಿಳಿಸುವುದು ಮೇಲು.

ಯಾರಿಗಾದರೂ ಕಚ್ಚಿದ್ದರೆ ಗಾಯಕ್ಕೆ ಸುಣ್ಣ, ಖಾರದಪುಡಿ ಹಚ್ಚದೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಶುರು ಮಾಡಿಸಬೇಕು. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗುತ್ತದೆ; ಅದನ್ನು ನೀವೇ ಕೇಳಿ.