ವೈದ್ಯಕೀಯ ಸೀಟಿಗೆ ಈ ವರ್ಷವೇ ಅರ್ಜಿ ಹಾಕಬೇಕೆ?

ಪ್ರಶ್ನೆ: ಬ್ರಿಟನ್ನಿನಲ್ಲಿ ಎ ಲೆವೆಲ್ (ನಮ್ಮ ಪಿಯುಸಿ ಮಟ್ಟದ ಓದು) ಓದುತ್ತಿರುವ ನನ್ನ ಮಗಳಿಗೆ ಶಾಲೆಯವರು ಎಬಿಬಿ ಗ್ರೇಡ್ (ಒಂದು ವಿಷಯದಲ್ಲಿ ಎ, ಎರಡರಲ್ಲಿ ಬಿ) ಬರಬಹುದೆಂದು ಅಂದಾಜಿಸಿದ್ದಾರೆ. ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ಯುಕ್ಯಾಟ್‌ನ ಅಂಕಗಳೂ ಕಡಿಮೆ. ವೈದ್ಯಕೀಯಕ್ಕೆ ಈಗಲೇ ಅರ್ಜಿ ಹಾಕಿಸಲೇ?

ಉತ್ತರ: ಅವಸರ ಬೇಡವೆಂದೇ ನನ್ನ ಸಲಹೆ. ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಒಟ್ಟಾಗಿ ಸಲ್ಲಿಸುವ ಯುಕಾಸ್ ಅರ್ಜಿಯ ಐದು ಆಯ್ಕೆಗಳಲ್ಲಿ ವೈದ್ಯಕೀಯಕ್ಕೆ ಸಿಗುವುದು ನಾಲ್ಕೇ. ಹೆಚ್ಚಿನ ಕಾಲೇಜುಗಳು ಎಎಎ ಅಥವಾ ಅದಕ್ಕೂ ಮೇಲಿನ ಗ್ರೇಡ್ ಕೇಳುವುದರಿಂದ, ಇಂಥ ಅಂದಾಜಿನ ಅರ್ಜಿ ಸಂದರ್ಶನದ ಹಂತವನ್ನೇ ತಲುಪದಿರಬಹುದು. ಪರೀಕ್ಷೆಯಲ್ಲಿ ಒಳ್ಳೆಯ ಗ್ರೇಡ್ ಪಡೆದು ಮುಂದಿನ ವರ್ಷ ಅರ್ಜಿ ಹಾಕಿದರೆ ಅಂದಾಜಿನ ಪ್ರಶ್ನೆಯೇ ಏಳುವುದಿಲ್ಲ. ಯುಕ್ಯಾಟ್ ಅಂಕ ಆಯಾ ವರ್ಷದ ಅರ್ಜಿಗಷ್ಟೇ ಸಲ್ಲುವುದರಿಂದ ಅದನ್ನು ಹೊಸದಾಗಿ ಬರೆಯಬಹುದು. ಈಗಲೇ ಹಾಕುವುದಾದರೆ, ಬಿ ಅಂದಾಜಿಸಿದ ಅಧ್ಯಾಪಕರನ್ನು ಕಂಡು ಮರುಪರಿಶೀಲನೆ ಸಾಧ್ಯವೇ ಎಂದು ವಿಚಾರಿಸಿ, ಯುಕ್ಯಾಟಿಗಿಂತ ಹತ್ತನೆಯ ತರಗತಿ ಮಟ್ಟದ ಪರೀಕ್ಷೆಯಾದ ಜಿಸಿಎಸ್‌ಇ ಫಲಿತಾಂಶಕ್ಕೆ ಹೆಚ್ಚು ತೂಕ ಕೊಡುವ ಕಾಲೇಜುಗಳನ್ನು ಆರಿಸಿಕೊಂಡು, ಐದನೆಯ ಆಯ್ಕೆಯನ್ನು ಬಯೋಮೆಡಿಕಲ್ ಸೈನ್ಸ್‌ಗೆ ಮೀಸಲಿಡಿ. ಗಡುವು ಅಕ್ಟೋಬರ್ 15.